ಕಿಂಡರ್‌ಗಾರ್ಟನ್ ಸೇರುವ ಮುಂಚೆ: ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಹೊಸದಾಗಿ ಬಂದ ಅಪ್ಪ-ಅಮ್ಮಂದಿರಿಗೆ

ಊರಿಂದ ಈಗಷ್ಟೇ ಬಂದವರು ಮೊದಲು ಕೇಳುವುದು, "ಸೀಟು ಸಿಗುತ್ತಾ?" ಅಂತ. ಸಿಗುತ್ತೆ. ಇಲ್ಲಿ ಸರ್ಕಾರಿ ಶಾಲೆಗೆ ಫೀಸಿಲ್ಲ, ಡೊನೇಷನ್ ಇಲ್ಲ, ಮಗುವಿಗೆ ಇಂಟರ್‌ವ್ಯೂ ಇಲ್ಲ. ಹೆಚ್ಚಿನ ಕಡೆ ನಿಮ್ಮ ಮನೆ ಯಾವ ಬೀದಿಯಲ್ಲಿದೆ ಅನ್ನುವುದರ ಮೇಲೆ ಶಾಲೆ ನಿರ್ಧಾರವಾಗುತ್ತದೆ. ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಮಗುವಿನ ಪಾಸ್‌ಪೋರ್ಟ್ ಅಥವಾ ಜನನ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಿ. ವೀಸಾ ಬಗ್ಗೆ ಹೆದರಬೇಡಿ. ವಲಸೆಯ ಕಾಗದಪತ್ರದ ಕಾರಣಕ್ಕೆ ಮಕ್ಕಳಿಗೆ ಸರ್ಕಾರಿ ಶಾಲೆ ನಿರಾಕರಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಆದರೆ ಹತ್ತಿರದ ಶಾಲೆ ತುಂಬಿಹೋದರೆ ದೂರದ ಶಾಲೆಗೆ ಹಾಕುತ್ತಾರೆ. ಆಗಸ್ಟ್‌ನಲ್ಲಿ ತಾನೇ ಶುರು ಅಂತ ಜುಲೈವರೆಗೂ ಸುಮ್ಮನಿರಬೇಡಿ. ಜನವರಿಯಿಂದಲೇ ನಿಮ್ಮ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ವಿಚಾರಿಸುತ್ತಿರಿ.

ಕ್ಯಾಲಿಫೋರ್ನಿಯಾದಲ್ಲಿ ಸೆಪ್ಟೆಂಬರ್ 1ರ ಒಳಗೆ 5 ವರ್ಷ ತುಂಬಿದವರಿಗೆ ಫಸ್ಟ್ ಗ್ರೇಡ್‌ಗೆ ಮುಂಚಿನ ತರಗತಿಯಾದ ಕಿಂಡರ್‌ಗಾರ್ಟನ್. 4 ತುಂಬಿದವರಿಗೆ ಅದಕ್ಕೂ ಒಂದು ವರ್ಷ ಮುಂಚಿನ ಟಿಕೆ, ಅಂದರೆ ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್. 2025-26ರಿಂದ ಟಿಕೆ ಎಲ್ಲ ನಾಲ್ಕರ ಮಕ್ಕಳಿಗೂ ಇದೆ, ಅದೂ ಉಚಿತ. "ಊರಲ್ಲಿ ಯುಕೆಜಿ ಮುಗಿಸಿದ್ದಾಳೆ, ಫಸ್ಟ್ ಗ್ರೇಡ್ ಕೊಡಿ" ಎಂದು ವಾದ ಮಾಡುವವರಿದ್ದಾರೆ. ಸಾಮಾನ್ಯವಾಗಿ ಇಲ್ಲಿ ವಯಸ್ಸು ನೋಡಿಯೇ ತರಗತಿ ಕೊಡುತ್ತಾರೆ, ಮಗುವಿಗೂ ಅದೇ ಒಳ್ಳೆಯದು. ತನ್ನ ವಯಸ್ಸಿನವರ ಜೊತೆ ಆಡಲಿ ಬಿಡಿ.

ನಮ್ಮವರು ನಿಜಕ್ಕೂ ಸಿಕ್ಕಿಹಾಕಿಕೊಳ್ಳುವುದು ಲಸಿಕೆ ಲೆಕ್ಕದಲ್ಲಿ. ಎಲ್ಲ ಹಾಕಿಸಿದ್ದೇವೆ ಅಂದುಕೊಂಡು ಬಂದಿರುತ್ತೀರಿ. ಆದರೆ ನಮ್ಮಲ್ಲಿ 9 ತಿಂಗಳಿಗೆ ಹಾಕುವ ದಡಾರದ ಲಸಿಕೆ ಇಲ್ಲಿ ಲೆಕ್ಕಕ್ಕಿಲ್ಲ. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿಸಿ ಕೊಡುವ ಎಂಎಂಆರ್ ಲಸಿಕೆ ಎರಡು ಡೋಸ್ ಬೇಕು, ಎರಡೂ ಮೊದಲ ಹುಟ್ಟುಹಬ್ಬದ ದಿನ ಅಥವಾ ಅದರ ನಂತರ ಹಾಕಿಸಿದ್ದಾಗಿರಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಎಂಆರ್‌ನಲ್ಲಿ ಮಂಗನಬಾವಿನ ಲಸಿಕೆ ಇರುವುದಿಲ್ಲ, ಅದನ್ನೂ ನೋಡಿಕೊಳ್ಳಿ. ಪೋಲಿಯೊ ವಿಷಯ ಇನ್ನೂ ಅಚ್ಚರಿಯದು. 2016ರ ಏಪ್ರಿಲ್ 1ರಿಂದ ಈಚೆಗೆ ಹಾಕಿಸಿದ ಬಾಯಿಯ ಹನಿಗಳನ್ನು ಅಮೆರಿಕದಲ್ಲಿ ಪರಿಗಣಿಸುವುದಿಲ್ಲ, ಇಂಜೆಕ್ಷನ್ ರೂಪದ ಪೋಲಿಯೊ ಮಾತ್ರ ನಡೆಯುತ್ತದೆ. ಚಿಕನ್‌ಪಾಕ್ಸ್ ಲಸಿಕೆಯೂ ಎರಡು ಡೋಸ್ ಬೇಕು, ಅದು ನಮ್ಮ ಸರ್ಕಾರಿ ಪಟ್ಟಿಯಲ್ಲಿಲ್ಲ. ಡೋಸ್‌ಗಳ ನಡುವೆ ವಾರಗಟ್ಟಲೆ, ಕೆಲವಕ್ಕೆ ತಿಂಗಳುಗಟ್ಟಲೆ ಅಂತರ ಬೇಕು. ಹಾಗಾಗಿ ಬಂದ ತಿಂಗಳಲ್ಲೇ ಮಕ್ಕಳ ಡಾಕ್ಟರ ಹತ್ತಿರ ಕಾರ್ಡ್ ತೆಗೆದುಕೊಂಡು ಹೋಗಿ.

ಕಾರ್ಡಿನ ತಾರೀಕುಗಳ ಮೇಲೂ ಒಂದು ಕಣ್ಣಿರಲಿ. ನಾವು ದಿನ ಮೊದಲು ಬರೆಯುತ್ತೇವೆ, ಇಲ್ಲಿ ತಿಂಗಳು ಮೊದಲು. 05/08 ಅಂದರೆ ನಮಗೆ ಆಗಸ್ಟ್ 5, ಅವರಿಗೆ ಮೇ 8. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆದ ಒಂದು ಪ್ರತಿ ಮಾಡಿಕೊಂಡರೆ ಗೊಂದಲವೇ ಇರುವುದಿಲ್ಲ.

ಬೇ ಏರಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಕ್ಷಯದ ಫಾರಂ ಕೂಡ ತುಂಬಿಸುತ್ತಾರೆ. ನಮ್ಮ ಮಕ್ಕಳಿಗೆ ಕ್ಷಯದ ಲಸಿಕೆ ಬಿಸಿಜಿ ಆಗಿರುತ್ತದೆ, ಅದರಿಂದ ಚರ್ಮದ ಪರೀಕ್ಷೆ ಸುಮ್ಮಸುಮ್ನೆ ಪಾಸಿಟಿವ್ ಬರಬಹುದು. ರಕ್ತದ ಪರೀಕ್ಷೆಗೆ ಆ ತೊಂದರೆ ಇಲ್ಲ. ಅದನ್ನೇ ಕೇಳಿ.

ಇನ್ನು ಸೇರಿಸುವಾಗ ಹೋಮ್ ಲ್ಯಾಂಗ್ವೇಜ್ ಸರ್ವೇ ಅಂತ ಒಂದು ಹಾಳೆ ಬರುತ್ತದೆ. ಮಗು ಮೊದಲು ಯಾವ ಭಾಷೆ ಕಲಿತಿತು, ಮನೆಯಲ್ಲಿ ಏನು ಮಾತಾಡುತ್ತೀರಿ ಎಂದು ಕೇಳುತ್ತಾರೆ. "ಕನ್ನಡ ಅಂತ ಬರೆಯಬೇಡಿ, ಮಗು ಹಿಂದೆ ಬೀಳುತ್ತೆ" ಎಂದು ಪಾರ್ಕಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಬೇಡಿ. ಇದ್ದದ್ದು ಇದ್ದ ಹಾಗೆ ಬರೆಯಿರಿ. ಕನ್ನಡ ಎಂದು ಬರೆದರೆ ಕಿಂಡರ್‌ಗಾರ್ಟನ್ ಮಗುವಿಗೆ 30 ದಿನದ ಒಳಗೆ ಎಲ್‌ಪ್ಯಾಕ್ ಎಂಬ ಇಂಗ್ಲಿಷ್ ಪರೀಕ್ಷೆ ಕೊಡುತ್ತಾರೆ. ಟಿಕೆ ಮಕ್ಕಳಿಗೆ ಈಗ ಅದೂ ಇಲ್ಲ. ಇಂಗ್ಲಿಷ್ ಇನ್ನೂ ಸಾಲದು ಅಂತ ಕಂಡರೆ ಮಗುವಿಗೆ ಹೆಚ್ಚಿನ ಸಹಾಯ ಸಿಗುತ್ತದೆ. ಕಲಿತ ಮೇಲೆ ಇಂಗ್ಲಿಷ್ ಕಲಿಯುವವರ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ಇದರಲ್ಲಿ ಅವಮಾನ ಏನಿದೆ?

ಇದಕ್ಕಿಂತ ನನಗೆ ಜಾಸ್ತಿ ನೋವಾಗುವುದು, ಶಾಲೆ ಶುರುವಾಗುತ್ತೆ ಅಂತ ಮನೆಯಲ್ಲಿ ಕನ್ನಡ ನಿಲ್ಲಿಸುವವರನ್ನು ನೋಡಿದಾಗ. ದಯವಿಟ್ಟು ಹಾಗೆ ಮಾಡಬೇಡಿ. ಐದು ವರ್ಷದ ಮಗುವಿಗೆ ಕಥೆ, ಲೆಕ್ಕ, ಕೋಪ, ಭಯ ಎಲ್ಲವೂ ಕನ್ನಡದಲ್ಲೇ ಬೆಳೆದಿವೆ. ಕನ್ನಡದಲ್ಲಿ "ಯಾಕೆ" ಎಂದು ಕೇಳಲು ಕಲಿತ ಮಗು ಇಂಗ್ಲಿಷಿನಲ್ಲೂ ಕೇಳುತ್ತದೆ. ಇಂಗ್ಲಿಷ್ ಅಂತೂ ಶಾಲೆ, ಪಾರ್ಕು, ಟಿವಿ ಎಲ್ಲ ಕಡೆಯಿಂದ ಬರುತ್ತದೆ. ಕನ್ನಡ ಬರುವುದು ನಿಮ್ಮಿಂದ ಮಾತ್ರ. ಮೊದಲ ಕೆಲವು ವಾರ ಮಗು ತರಗತಿಯಲ್ಲಿ ಬಾಯಿ ಬಿಡದೆ ಇದ್ದರೂ ಗಾಬರಿಯಾಗಬೇಡಿ, ಹೊಸ ಭಾಷೆ ಕೇಳಿಸಿಕೊಳ್ಳುತ್ತಿರುತ್ತದೆ. ಮನೆಯಲ್ಲೂ ಮಾತು ಕಡಿಮೆಯಾದರೆ ಡಾಕ್ಟರಿಗೆ ತೋರಿಸಿ. ಬೇಸಿಗೆಯಲ್ಲಿ ಲೈಬ್ರರಿಯ ಸ್ಟೋರಿಟೈಮ್‌ಗೆ ಕರೆದುಕೊಂಡು ಹೋಗುತ್ತಿರಿ. ದುಡ್ಡು ಕೊಡಬೇಕಾಗಿಲ್ಲ, ಗುಂಪಿನಲ್ಲಿ ಕೂತು ಕೇಳುವ ಅಭ್ಯಾಸವಾಗುತ್ತದೆ.

ಕೆಲವು ಇಂಗ್ಲಿಷ್ ಮಾತು ಮಾತ್ರ ಗಟ್ಟಿ ಕಲಿಸಿ: "ಹೆಲ್ಪ್ ಪ್ಲೀಸ್", "ಬಾತ್‌ರೂಮ್ ಪ್ಲೀಸ್", "ಸ್ಟಾಪ್, ಐ ಡೋಂಟ್ ಲೈಕ್ ದಟ್". ಮಾಂಸ ತಿನ್ನದ ಮನೆಯವರು "ನೋ ಮೀಟ್" ಸೇರಿಸಿ. ತನ್ನ ಹೆಸರನ್ನು ಟೀಚರ್ ತಪ್ಪು ಹೇಳಿದರೆ ಮಗುವೇ ತಿದ್ದಲಿ, ನೀವೂ ತಿದ್ದಿ. ಸುಲಭವಾಗಲಿ ಅಂತ ಹೆಸರು ಕತ್ತರಿಸಬೇಡಿ.

ಎಬಿಸಿಡಿ ತಿದ್ದಿಸುವ ಸಮಯದಲ್ಲಿ ಅರ್ಧವನ್ನು ತನ್ನ ಕೆಲಸ ತಾನೇ ಮಾಡಿಕೊಳ್ಳುವುದನ್ನು ಕಲಿಸಲು ಕೊಡಿ. ನಮ್ಮ ಮಕ್ಕಳಿಗೆ ಅಜ್ಜಿ ತುತ್ತು ಕೊಟ್ಟು ಅಭ್ಯಾಸ. ಇಲ್ಲಿ ಊಟದ ಹೊತ್ತು ಬಹಳ ಚಿಕ್ಕದು, ಯಾರೂ ತಿನ್ನಿಸುವುದಿಲ್ಲ. ಡಬ್ಬಿ ಮುಚ್ಚಳ ತಾನೇ ತೆಗೆಯಬೇಕು, ತಾನೇ ಮುಚ್ಚಬೇಕು. ಅನ್ನ-ಸಾರು ಕಷ್ಟ. ಇಡ್ಲಿ ತುಂಡು, ಸುತ್ತಿದ ಚಪಾತಿ, ದೋಸೆ ಒಳ್ಳೆಯದು. ಚಿತ್ರಾನ್ನ ಕಳಿಸಿದರೆ ಕಡಲೆಕಾಯಿ ಬೀಜ ಹಾಕಬೇಡಿ. ಕಡಲೆಕಾಯಿ ಅಲರ್ಜಿ ಇರುವ ಮಗು ಪಕ್ಕದಲ್ಲೇ ಕೂತಿರಬಹುದು, ಅದು ಪ್ರಾಣಕ್ಕೇ ಬರುವಂಥದ್ದು. ಚಟ್ನಿಪುಡಿಗೂ ಇದೇ ಮಾತು. 2022-23ರಿಂದ ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎಲ್ಲ ಮಕ್ಕಳಿಗೂ ಉಚಿತ, ತಿಂಗಳ ಮೆನು ನೋಡಿಕೊಂಡು ಕಳಿಸಬಹುದು.

ಶೌಚದ ಅಭ್ಯಾಸವನ್ನು ಮುಜುಗರವಿಲ್ಲದೆ ಮಾಡಿಸಿ. ಶಾಲೆಯಲ್ಲಿ ಚೊಂಬಿಲ್ಲ, ಜೆಟ್ ಸ್ಪ್ರೇ ಇಲ್ಲ. ಕಾಗದದಲ್ಲಿ ಒರೆಸಿಕೊಳ್ಳುವುದನ್ನು ಬೇಸಿಗೆಯಲ್ಲೇ ಮನೆಯಲ್ಲಿ ಕಲಿಸಬೇಕು. ಗುಂಡಿ ಇರುವ ಪ್ಯಾಂಟ್ ಬೇಡ, ಎಲಾಸ್ಟಿಕ್ ಇರಲಿ. ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ ಇಡಿ.

ಶಾಲೆ ಶುರುವಾದ ಮೇಲೆ ತರಗತಿಗೆ ಸಹಾಯಕ್ಕೆ ಬನ್ನಿ ಎಂದು ಅಪ್ಪ-ಅಮ್ಮಂದಿರನ್ನು ಕರೆಯುತ್ತಾರೆ. ಸಂಕೋಚ ಬಿಟ್ಟು ಹೋಗಿ, ಕೆಲಸಕ್ಕೆ ಹೋಗದೆ ಮನೆಯಲ್ಲಿರುವ ಅಮ್ಮಂದಿರಿಗಂತೂ ಊರಿನ ಪರಿಚಯ ಶುರುವಾಗುವುದೇ ಅಲ್ಲಿಂದ. ಅದಕ್ಕೂ ನಿಮ್ಮ ಕ್ಷಯದ ತಪಾಸಣೆ ಚೀಟಿ ಕೇಳುತ್ತಾರೆ. ಮಗುವಿಗೆ ಮಾಡಿಸುವಾಗ ನಿಮ್ಮದನ್ನೂ ಮಾಡಿಸಿಕೊಂಡುಬಿಡಿ.