ಚಕ್ರ ಉರುಳಿದರೆ ಒಂದು ಖರ್ಚು, ನಿಂತರೆ ಇನ್ನೊಂದು

ನಿವೃತ್ತಿಯಾದ ಮೇಲೆ ಕ್ಯಾರವಾನ್‌ನಲ್ಲೇ (ಕಾರಿನ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗುವ ಚಕ್ರದ ಮನೆ) ಇದ್ದುಬಿಡೋಣ ಎಂದು ಯೋಚಿಸುತ್ತಿರುವವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: "ತಿಂಗಳಿಗೆ ಎಷ್ಟಾಗುತ್ತೆ?" ಇದಕ್ಕೆ ನಾನು ಒಂದು ಅಂಕಿ ಹೇಳುವುದಿಲ್ಲ. ತಿಂಗಳ ಲೆಕ್ಕ ಈ ಜೀವನಕ್ಕೆ ಹೊಂದುವುದೇ ಇಲ್ಲ. ಒಂದು ತಿಂಗಳು ಒಂದೇ ಜಾಗದಲ್ಲಿ ನಿಂತಿರುತ್ತೀರಿ. ಮುಂದಿನ ತಿಂಗಳು ಎರಡು ಸಾವಿರ ಕಿಲೋಮೀಟರ್ ಓಡಿಸುತ್ತೀರಿ. ಎರಡು ತಿಂಗಳ ಖರ್ಚಿಗೂ ಅಜಗಜಾಂತರ. ಸರಾಸರಿ ತೆಗೆದರೆ ಎರಡಕ್ಕೂ ಹೊಂದದ ಒಂದು ಮೊತ್ತ ಸಿಗುತ್ತದೆ, ಅಷ್ಟೆ.

ಹಾಗಾಗಿ ನಾನೂ ನಮ್ಮನೆಯವರೂ ಹೊರಡುವ ಮೊದಲೇ ಖರ್ಚನ್ನು ಮೂರು ಭಾಗ ಮಾಡಿಕೊಂಡೆವು. ಚಕ್ರ ಉರುಳಿದರೆ ಆಗುವ ಖರ್ಚು, ರಾತ್ರಿ ತಂಗಿದರೆ ಆಗುವ ಖರ್ಚು, ಏನೂ ಮಾಡದೆ ಸುಮ್ನೆ ಕೂತರೂ ಆಗುವ ಖರ್ಚು. ಮೊದಲನೆಯದನ್ನು ಕಿಲೋಮೀಟರಿಗೆ ಇಷ್ಟು ಅಂತ, ಎರಡನೆಯದನ್ನು ರಾತ್ರಿಗೆ ಇಷ್ಟು ಅಂತ, ಮೂರನೆಯದನ್ನು ವರ್ಷಕ್ಕೆ ಇಷ್ಟು ಅಂತ ಬರೆದಿಡುತ್ತೇವೆ. ಒಂದೇ ನೋಟ್‌ಬುಕ್, ಮೂರು ಕಾಲಂ. ಹೀಗೆ ಬರೆಯಲು ಶುರುಮಾಡಿದರೆ ಯಾವ ಖರ್ಚು ನಮ್ಮ ಮಾತು ಕೇಳುತ್ತದೆ, ಯಾವುದು ಕೇಳುವುದಿಲ್ಲ ಎನ್ನುವುದು ಬೇಗ ಗೊತ್ತಾಗುತ್ತದೆ. ಮೂರನೇ ಕಾಲಂ ಮೇಲೆ ನಮ್ಮ ಹಿಡಿತ ಕಡಿಮೆ. ಎರಡನೆಯದರ ಮೇಲೆ ಸ್ವಲ್ಪ ಇದೆ. ಮೊದಲನೆಯದು ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ. ಇಂಧನದ ಬೆಲೆ ಏರಿತಾ? ಎರಡು ದಿನ ನಿಲ್ಲುವ ಜಾಗದಲ್ಲಿ ಎರಡು ವಾರ ನಿಂತರಾಯಿತು.

ಮೊದಲನೇ ಕಾಲಂನಲ್ಲಿ ದೊಡ್ಡ ಪಾಲು ಇಂಧನದ್ದು. ಕಾರು ಕೊಂಡಾಗ ಕಂಪನಿ ಹೇಳಿದ ಮೈಲೇಜ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನಾವು ಹೀಗೆ ಅಳೆದೆವು: ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತಂದು, ಕ್ಯಾರವಾನ್ ಎಳೆದುಕೊಂಡು ಮಾಮೂಲಿ ರಸ್ತೆಯಲ್ಲಿ ಓಡಿಸಿ, ಮತ್ತೆ ಪೂರ್ತಿ ತುಂಬಿಸುವುದು. ಎರಡನೇ ಸಲ ಹಿಡಿದ ಲೀಟರನ್ನು ಓಡಿಸಿದ ಕಿಲೋಮೀಟರಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ 100 ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಸಿಗುತ್ತದೆ. ಖಾಲಿ ಕಾರಿಗೆ 8 ಲೀಟರ್ ಸಾಕಾಗುತ್ತಿದ್ದ ದಾರಿಗೆ ಕ್ಯಾರವಾನ್ ಸಿಕ್ಕಿಸಿದ ಮೇಲೆ 14 ಲೀಟರ್ ಬೇಕಾಯಿತು. ಘಟ್ಟ, ಎದುರುಗಾಳಿ ಇದ್ದರೆ ಇನ್ನೂ ಜಾಸ್ತಿ.

ಇಲ್ಲಿ ವೇಗದ ಪಾತ್ರ ತುಂಬಾ ದೊಡ್ಡದು. ಕ್ಯಾರವಾನಿನ ಮುಂಭಾಗ ಅಗಲ, ಎತ್ತರ. ಗಾಳಿಯನ್ನು ಸೀಳಿಕೊಂಡು ಹೋಗಲು ಅದಕ್ಕೆ ಆಗುವುದಿಲ್ಲ, ತಳ್ಳಿಕೊಂಡೇ ಹೋಗಬೇಕು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 80 ಕಿಲೋಮೀಟರಿನಿಂದ 100ಕ್ಕೆ ಹೋದರೆ ವೇಗ ಶೇ. 25 ಹೆಚ್ಚಾಯಿತು, ಗಾಳಿಯ ತಡೆ ಮಾತ್ರ ಶೇ. 56ರಷ್ಟು ಹೆಚ್ಚಾಯಿತು. ನಾವು 80ರ ಆಸುಪಾಸಿನಲ್ಲೇ ಇರುತ್ತೇವೆ. ಹಿಂದೆ ಸಾಲು ಕಟ್ಟಿದರೆ ಪಕ್ಕಕ್ಕೆ ತೆಗೆದು ದಾರಿ ಬಿಡುತ್ತೇವೆ. ನಿವೃತ್ತರಿಗೆ ಅವಸರ ಯಾಕೆ ಬೇಕು, ಅಲ್ವಾ?

ಎಳೆಯುವ ಕಾರಿನ ಸರ್ವಿಸ್, ಬ್ರೇಕ್ ಪ್ಯಾಡ್, ಟೈರ್ ಕೂಡ ಇದೇ ಕಾಲಂಗೆ ಬರುತ್ತವೆ, ಯಾಕೆಂದರೆ ಓಡಿದಷ್ಟೂ ಸವೆಯುತ್ತವೆ. ಭಾರ ಎಳೆಯುವ ಗಾಡಿಗೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಆಯಿಲ್ ಬೇಗ ಬದಲಿಸಬೇಕು. ಕಾರಿನ ಕೈಪಿಡಿಯಲ್ಲಿ ಕಠಿಣ ಬಳಕೆಗೆ ಬೇರೆ ವೇಳಾಪಟ್ಟಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ಕ್ಯಾರವಾನಿನ ಟೈರ್ ಮಾತ್ರ ಈ ಕಾಲಂಗೆ ಸೇರುವುದಿಲ್ಲ, ಅದು ಮೂರನೆಯದಕ್ಕೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಸುರಕ್ಷತೆಯ ವಿಷಯವೂ ಇದೆ. ಕ್ಯಾರವಾನಿನ ಟೈರ್ ಸವೆದು ಹಾಳಾಗುವುದು ಅಪರೂಪ. ಅದು ಹಾಳಾಗುವುದು ವಯಸ್ಸಾಗಿ. ವಾರಗಟ್ಟಲೆ ಒಂದೇ ಕಡೆ ಭಾರ ಹೊತ್ತು, ಬಿಸಿಲಲ್ಲಿ ನಿಂತು ರಬ್ಬರ್ ಗಡುಸಾಗಿ ಪಕ್ಕದ ಗೋಡೆಯಲ್ಲಿ ಬಿರುಕು ಬಿಡುತ್ತದೆ. ರಸ್ತೆಗೆ ತಾಗುವ ಮೈಮೇಲಿನ ಗೀರುಗಳೆಲ್ಲ ಹೊಸದರಂತೆ ಆಳವಾಗಿರುತ್ತವೆ, ನೋಡಿದವರು ಇನ್ನೂ ಬೇಕಾದಷ್ಟು ಓಡುತ್ತೆ ಅಂದುಕೊಳ್ಳುತ್ತಾರೆ. ಟೈರಿನ ಪಕ್ಕದಲ್ಲಿ ಡಾಟ್ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲನ್ನು ಹುಡುಕಿ, ಅದರ ಕೊನೆಯ ನಾಲ್ಕು ಅಂಕಿ ನೋಡಿ. 3521 ಎಂದಿದ್ದರೆ 2021ರ 35ನೇ ವಾರದಲ್ಲಿ ತಯಾರಾದದ್ದು. ಆ ನಾಲ್ಕು ಅಂಕಿ ಹೊರಗಿನ ಪಕ್ಕದಲ್ಲಿ ಕಾಣದಿದ್ದರೆ ಒಳಗಿನ ಪಕ್ಕದಲ್ಲಿ ಇರುತ್ತದೆ, ಟಾರ್ಚ್ ಹಿಡಿದು ಬಗ್ಗಿ ನೋಡಬೇಕು. ಐದು ವರ್ಷ ದಾಟಿದ ಟೈರನ್ನು ನಾವು ನಂಬುವುದಿಲ್ಲ. ಆದ್ದರಿಂದ ಸ್ಟೆಪ್ನಿಯೂ ಸೇರಿ ಒಟ್ಟು ಟೈರಿನ ಬೆಲೆಯನ್ನು ಐದರಿಂದ ಭಾಗಿಸಿ, ಪ್ರತಿ ವರ್ಷ ಅಷ್ಟನ್ನು ತೆಗೆದಿಡುತ್ತೇವೆ. ಕ್ಯಾರವಾನ್ ಒಂದು ಕಿಲೋಮೀಟರ್ ಓಡದಿದ್ದರೂ ಈ ಹಣ ಎತ್ತಿಡಲೇಬೇಕು.

ಈಗ ರಾತ್ರಿಯ ಖರ್ಚು. ಕ್ಯಾರವಾನ್ ನಿಲ್ಲಿಸಲು ಜಾಗ ಬಾಡಿಗೆಗೆ ಕೊಡುವ ಕ್ಯಾರವಾನ್ ಪಾರ್ಕುಗಳಲ್ಲಿ ಒಂದೊಂದೇ ರಾತ್ರಿ ತಂಗುವುದು ಎಲ್ಲಕ್ಕಿಂತ ದುಬಾರಿ. ವಾರ ನಿಲ್ಲುತ್ತೇವೆ ಎಂದರೆ ಬಹಳ ಕಡೆ ಒಂದು ರಾತ್ರಿಯ ಬಾಡಿಗೆ ಬಿಡುತ್ತಾರೆ, ತಿಂಗಳೆಂದರೆ ಇನ್ನೂ ಇಳಿಯುತ್ತದೆ. ಬೋರ್ಡಿನಲ್ಲಿ ಬರೆದಿರದಿದ್ದರೂ ಕೇಳಿ. ತಿಂಗಳ ಬಾಡಿಗೆ ಒಪ್ಪುವಾಗ ಕರೆಂಟಿಗೆ ಬೇರೆ ಮೀಟರ್ ಇದೆಯಾ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಶಾಲಾ ರಜೆಯ ದಿನಗಳಲ್ಲಿ ದರ ಗಗನಕ್ಕೇರುತ್ತದೆ. ಮಕ್ಕಳ ಶಾಲೆಯ ಹಂಗು ನಮಗಿಲ್ಲ, ಹಾಗಾಗಿ ಆ ವಾರಗಳಲ್ಲಿ ಜನ ಹೋಗದ ಕಡೆ ಹೋಗಿ ನಿಲ್ಲುತ್ತೇವೆ.

ಪುಕ್ಕಟೆ ನಿಲ್ಲುವ ಜಾಗಗಳ ಬಗ್ಗೆ ಹೊಸಬರಿಗೆ ತುಂಬಾ ಆಸೆ ಇರುತ್ತದೆ. ಅಲ್ಲಿನ ಬೆಳಗುಗಳು ನನಗೂ ಇಷ್ಟ. ಆದರೆ ಲೆಕ್ಕ ಹಾಕಿ ನೋಡಬೇಕು. ಇಬ್ಬರು ಎಷ್ಟೇ ಜೋಪಾನವಾಗಿ ಬಳಸಿದರೂ ದಿನಕ್ಕೆ 20 ಲೀಟರ್ ನೀರು ಬೇಕು. 100 ಲೀಟರಿನ ಟ್ಯಾಂಕ್ ಐದು ದಿನಕ್ಕೆ ಖಾಲಿ. ಟಾಯ್ಲೆಟ್ ಕ್ಯಾಸೆಟ್ (ಮಲಮೂತ್ರ ಸೇರುವ, ಹೊರಗೆಳೆದು ಖಾಲಿ ಮಾಡುವ ಡಬ್ಬ) ಅದಕ್ಕಿಂತ ಮೊದಲೇ ತುಂಬುತ್ತದೆ. ನೀರು ತರಲು, ಕ್ಯಾಸೆಟ್ ಖಾಲಿ ಮಾಡಲು 40 ಕಿಲೋಮೀಟರ್ ಹೋಗಿಬರಬೇಕಾದರೆ ಆ ಇಂಧನವೂ ರಾತ್ರಿಯ ಬಾಡಿಗೆಯೇ. ನಾನು ಅದನ್ನು ಎರಡನೇ ಕಾಲಂನಲ್ಲೇ ಬರೆಯುತ್ತೇನೆ.

ಬ್ಯಾಟರಿ, ಸೋಲಾರ್ ಹಾಕಿಸಬೇಕೋ ಬೇಡವೋ ಎನ್ನುವುದೂ ಇಲ್ಲೇ ತೀರ್ಮಾನವಾಗುತ್ತದೆ. 12 ವೋಲ್ಟಿನ 100 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1200 ವ್ಯಾಟ್ ಅವರ್ ಇದೆ. ಲೆಡ್ ಆಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಇಳಿಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಅಂದರೆ ಕೈಗೆ ಸಿಗುವುದು 600. ಕಂಪ್ರೆಸರ್ ಫ್ರಿಜ್ ಒಂದೇ ದಿನಕ್ಕೆ 400ರಿಂದ 600 ತಿನ್ನುತ್ತದೆ. ಲೀಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ. 80ರವರೆಗೆ ಧೈರ್ಯವಾಗಿ ಬಳಸಬಹುದು, ತೂಕವೂ ಅರ್ಧಕ್ಕಿಂತ ಕಡಿಮೆ. ಬೆಲೆ ಮಾತ್ರ ಜಾಸ್ತಿ. ನಾವು ಮಾಡಿದ ಲೆಕ್ಕ ಸರಳ: ಕರೆಂಟ್ ಇರುವ ಜಾಗಕ್ಕೂ ಇಲ್ಲದ ಜಾಗಕ್ಕೂ ಒಂದು ರಾತ್ರಿಗೆ ಎಷ್ಟು ವ್ಯತ್ಯಾಸ, ವರ್ಷದಲ್ಲಿ ಅಂಥ ಎಷ್ಟು ರಾತ್ರಿ ನಿಲ್ಲುತ್ತೇವೆ. ಎರಡನ್ನೂ ಗುಣಿಸಿ, ಬ್ಯಾಟರಿ ಮತ್ತು ಪ್ಯಾನೆಲ್ ಬೆಲೆ ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ ಎಂದು ನೋಡುವುದು. ಮೂರು ವರ್ಷದೊಳಗೆ ಬರುತ್ತಿತ್ತು, ಹಾಕಿಸಿದೆವು. ಯಾವಾಗಲೂ ಪಾರ್ಕಿನಲ್ಲೇ ನಿಲ್ಲುವವರಿಗೆ ಈ ದುಡ್ಡು ಹಾಕುವ ಅಗತ್ಯವೇ ಇಲ್ಲ.

ಚಳಿಗಾಲದಲ್ಲಿ ಗ್ಯಾಸಿನ ಖರ್ಚೂ ನೆನಪಿರಲಿ. 3 ಕಿಲೋವ್ಯಾಟ್ ಹೀಟರನ್ನು ಪೂರ್ತಿ ಉರಿಸಿದರೆ 9 ಕಿಲೋ ಪ್ರೊಪೇನ್ ಸಿಲಿಂಡರ್ ಸುಮಾರು 40 ಗಂಟೆ ಬರುತ್ತದೆ. ಬ್ಯೂಟೇನ್ ಸಿಲಿಂಡರ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಗ್ಯಾಸನ್ನೇ ಬಿಡುವುದಿಲ್ಲ. ಬಿಸಿಲು ಹುಡುಕಿಕೊಂಡು ದೂರ ಓಡಿದರೆ ಗ್ಯಾಸ್ ಉಳಿಯುತ್ತದೆ, ಇಂಧನ ಹೋಗುತ್ತದೆ. ಎರಡನ್ನೂ ಪಕ್ಕಪಕ್ಕ ಬರೆದು ನೋಡಿಯೇ ನಾವು ಹೊರಡುವುದು.

ಮೂರನೇ ಕಾಲಂನಲ್ಲಿ ವಿಮೆ, ನೋಂದಣಿ, ತೆರಿಗೆ, ಫೋನ್ ಮತ್ತು ಇಂಟರ್‌ನೆಟ್, ವೈದ್ಯಕೀಯ ವೆಚ್ಚ, ವರ್ಷಕ್ಕೊಮ್ಮೆ ಬೇರಿಂಗ್, ಬ್ರೇಕ್ ಮತ್ತು ಗ್ಯಾಸ್ ಪೈಪಿನ ತಪಾಸಣೆ. ಇವುಗಳಲ್ಲಿ ವಿಮೆಯೊಂದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಹೆಚ್ಚಿನ ಕ್ಯಾರವಾನ್ ಪಾಲಿಸಿಗಳು ರಜೆಗೆ ಹೋಗಿಬರುವವರಿಗಾಗಿ ಇರುವಂಥವು. ವರ್ಷವಿಡೀ ಅದರಲ್ಲೇ ವಾಸ ಎಂದು ಹೇಳದೆ ಮಾಡಿಸಿದರೆ ಕ್ಲೇಮ್ ಸಮಯದಲ್ಲಿ ಪೇಚಿಗೆ ಸಿಕ್ಕಿಕೊಳ್ಳುತ್ತೀರಿ. ಪೂರ್ಣಕಾಲದ ವಾಸಕ್ಕೆ ಅನ್ವಯಿಸುತ್ತದೆ ಎಂದು ಬರಹದಲ್ಲಿ ಪಡೆದುಕೊಳ್ಳಿ. ಕಂತು ಜಾಸ್ತಿಯಾಗುತ್ತದೆ, ಆಗಲಿ.

ತೂಕಕ್ಕೂ ವಿಮೆಗೂ ನಂಟಿದೆ. ಗಾಡಿಗೆ ಗೊತ್ತುಮಾಡಿದ ಮಿತಿ ಮೀರಿ ತುಂಬಿದ್ದರೆ ಪರಿಹಾರ ನಿರಾಕರಿಸಲು ಅದೊಂದೇ ಕಾರಣ ಸಾಕಾಗಬಹುದು. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ತುಂಬಿದ ಟ್ಯಾಂಕ್, ಎರಡು ಸಿಲಿಂಡರ್, ಬ್ಯಾಟರಿ, ಬಾಗಿಲ ಮುಂದೆ ನೆರಳಿಗೆ ಬಿಡಿಸುವ ಚಪ್ಪರ ಇಷ್ಟಕ್ಕೇ ಇನ್ನೂರು ಕಿಲೋ ಹತ್ತಿರ ಬರುತ್ತದೆ, ಬಟ್ಟೆ ಪಾತ್ರೆ ಇನ್ನೂ ಒಳಗೆ ಹೋಗಿಲ್ಲ. ಪೂರ್ತಿ ತುಂಬಿಸಿ, ಹೊರಡುವ ಸ್ಥಿತಿಯಲ್ಲೇ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸಿ. ಅದಕ್ಕೆ ಆಗುವ ಖರ್ಚು ಏನೇನೂ ಅಲ್ಲ.

ಕ್ಯಾರವಾನ್ ಕೆಟ್ಟರೆ ಮನೆಯೇ ಗ್ಯಾರೇಜಿಗೆ ಹೋದಂತೆ. ರಿಪೇರಿ ನಿಧಿಯಲ್ಲಿ ಬಿಡಿಭಾಗ ಮತ್ತು ಕೂಲಿಯ ಜೊತೆಗೆ ಕೆಲವು ವಾರ ಹೊರಗೆ ರೂಮ್ ಹಿಡಿದು ಇರುವಷ್ಟು ಹಣವೂ ಇರಬೇಕು. ಬಿಡಿಭಾಗ ಬರುವವರೆಗೆ ಕಾಯುವುದು ಇಲ್ಲಿ ಮಾಮೂಲು. ನಾವು ಹಳೆಯ ಕ್ಯಾರವಾನ್ ಕೊಂಡಿದ್ದರಿಂದ ಈ ನಿಧಿಯನ್ನು ಸ್ವಲ್ಪ ದಪ್ಪವಾಗಿಯೇ ಇಟ್ಟೆವು. ಹೊಸದರ ಬೆಲೆ ಮೊದಲ ಕೆಲವು ವರ್ಷದಲ್ಲೇ ತುಂಬಾ ಇಳಿಯುತ್ತದೆ, ಆ ನಷ್ಟವನ್ನು ಮೊದಲ ಯಜಮಾನರೇ ಹೊತ್ತಿದ್ದರು. ಕೊಳ್ಳುವಾಗ ನಾವು ಹಟ ಹಿಡಿದದ್ದು ಒಂದಕ್ಕೆ ಮಾತ್ರ: ತೇವದ ಪರೀಕ್ಷೆ. ಕಿಟಕಿ ಮೂಲೆ, ಚಾವಣಿಯ ಅಂಚು, ಕಪಾಟಿನ ಹಿಂಭಾಗ ಎಲ್ಲ ಕಡೆ ತೇವ ಅಳೆಯುವ ಮೀಟರ್ ಹಿಡಿಸಿದೆವು. ಶೇ. 15ರೊಳಗೆ ತೋರಿಸಿದರೆ ನಿಶ್ಚಿಂತೆ. 20 ದಾಟಿದರೆ ಒಳಗಿನ ಮರ ಮೆತ್ತಗಾಗುತ್ತಿರಬಹುದು, ಅದರ ರಿಪೇರಿ ಕ್ಯಾರವಾನಿನ ಬೆಲೆಯನ್ನೇ ನುಂಗಿಬಿಡುತ್ತದೆ.

ಈ ಮೂರಕ್ಕೂ ಹಣ ಎಲ್ಲಿಂದ? ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕುತ್ತೇವೆ, ನಮ್ಮ ನಿಯಮ ಇದು: ಪಿಂಚಣಿಯಲ್ಲಿ ಮೊದಲು ಮೂರನೇ ಕಾಲಂ ಪೂರ್ತಿ ತೀರಬೇಕು, ಆಮೇಲೆ ಊಟ ಮತ್ತು ರಾತ್ರಿಯ ಖರ್ಚು. ಉಳಿದದ್ದಷ್ಟೇ ಕಿಲೋಮೀಟರಿಗೆ. ಉಳಿದ ಹಣವನ್ನು ಕಿಲೋಮೀಟರಿನ ದರದಿಂದ ಭಾಗಿಸಿದರೆ ಈ ಮೂರು ತಿಂಗಳಲ್ಲಿ ಎಷ್ಟು ದೂರ ಹೋಗಬಹುದು ಎಂಬುದು ಬರುತ್ತದೆ. ನಕ್ಷೆ ಬಿಡಿಸುವುದು ಅದಾದ ಮೇಲೆ. "ರೀ, ಇನ್ನು ಎಷ್ಟು ಕಿಲೋಮೀಟರ್ ಉಳಿದಿದೆ?" ಎಂದು ಕೇಳುವುದು ನಮ್ಮಿಬ್ಬರಿಗೆ ದಿನದ ಮಾತಾಗಿದೆ. ಕಿಲೋಮೀಟರ್ ಮುಗಿದರೆ ನಿಲ್ಲುತ್ತೇವೆ. ಹಾಗೆ ನಿಂತ ಜಾಗಗಳಲ್ಲೇ ನಮಗೆ ಒಳ್ಳೆಯ ಸ್ನೇಹಿತರು ಸಿಕ್ಕಿದ್ದಾರೆ.

ಉಳಿತಾಯದಿಂದ ತೆಗೆಯುವವರಿಗೆ ಶೇ. 4ರ ನಿಯಮ ಎಂಬುದೊಂದು ಕಿವಿಗೆ ಬಿದ್ದಿರುತ್ತದೆ. ವಿಲಿಯಂ ಬೆಂಗೆನ್ ಎಂಬ ಹಣಕಾಸು ಸಲಹೆಗಾರರು 1994ರಲ್ಲಿ ಬರೆದ ಲೇಖನದಿಂದ ಬಂದದ್ದು ಇದು. ಮೊದಲ ವರ್ಷ ಗಂಟಿನ ಶೇ. 4 ತೆಗೆದು, ಆಮೇಲೆ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸುತ್ತ ಹೋದರೂ 30 ವರ್ಷ ಬಾಳುತ್ತದೆ ಎಂಬುದು ಅವರ ಲೆಕ್ಕ. ಆದರೆ ಅದು ಅಮೆರಿಕದ ಷೇರು ಮತ್ತು ಬಾಂಡುಗಳ ಹಳೆಯ ಅಂಕಿಗಳ ಮೇಲೆ ನಿಂತದ್ದು. ನಾವು ಅದಕ್ಕಿಂತ ಕಡಿಮೆಯೇ ತೆಗೆಯುತ್ತೇವೆ. ಬೆಲೆಗಳು ವರ್ಷಕ್ಕೆ ಶೇ. 6 ಏರಿದರೆ 12 ವರ್ಷಕ್ಕೆ ಎಲ್ಲವೂ ದುಪ್ಪಟ್ಟು. ಏರದ ಪಿಂಚಣಿಯನ್ನೇ ನಂಬಿದವರು ಇದನ್ನು ಮರೆಯುವಂತಿಲ್ಲ.

ಇಷ್ಟರ ಹೊರಗೆ ಮುಟ್ಟಬಾರದ ಒಂದು ಗಂಟು ನಮ್ಮಲ್ಲಿದೆ. ವಾಪಸಾತಿ ನಿಧಿ ಎಂದು ಕರೆಯುತ್ತೇವೆ. ಇಬ್ಬರಲ್ಲಿ ಒಬ್ಬರಿಗೆ ಕಣ್ಣು ಮಂಜಾಗಬಹುದು, ಮಂಡಿ ಕೈಕೊಡಬಹುದು, ಒಬ್ಬರೇ ಉಳಿಯಬಹುದು. ಆಗ ಕ್ಯಾರವಾನ್ ಬಿಟ್ಟು ನೆಲೆ ನಿಲ್ಲಬೇಕು. ಮನೆಯ ಮುಂಗಡ, ಒಂದು ವರ್ಷದ ಬಾಡಿಗೆ, ಮಂಚ, ಫ್ರಿಜ್‌ನಂಥ ಸಾಮಾನು, ಇಷ್ಟಕ್ಕೆ ಸಾಕಾಗುವ ಹಣ ಬೇರೆ ಖಾತೆಯಲ್ಲಿದೆ. ಕ್ಯಾರವಾನ್ ಮಾರಿದರೆ ಬರುವ ದುಡ್ಡನ್ನು ಇದರಲ್ಲಿ ಸೇರಿಸಿಕೊಂಡಿಲ್ಲ, ಅವಸರದಲ್ಲಿ ಮಾರಿದರೆ ಸರಿಯಾದ ಬೆಲೆ ಸಿಗುವುದಿಲ್ಲ. ಸ್ವಂತ ಮನೆ ಮಾರದೆ ಬಾಡಿಗೆಗೆ ಕೊಟ್ಟವರಿಗೆ ಈ ನಿಧಿ ಚಿಕ್ಕದಾದರೂ ನಡೆಯುತ್ತದೆ, ಆದರೆ ಬಾಡಿಗೆದಾರರು ಖಾಲಿ ಮಾಡುವವರೆಗಿನ ತಿಂಗಳುಗಳಿಗೆ ಹಣ ಬೇಕೇ ಬೇಕು. ಇಬ್ಬರಿಗೂ ಆ ಖಾತೆಯಿಂದ ಹಣ ತೆಗೆಯಲು ಬರಬೇಕು. ಇಬ್ಬರಿಗೂ ಕ್ಯಾರವಾನ್ ಸಿಕ್ಕಿಸಿ, ಬಿಚ್ಚಿ, ರಿವರ್ಸ್ ತೆಗೆಯಲು ಬರಬೇಕು. ನಾನು ಎಳೆಯುವುದನ್ನು ಕಲಿತದ್ದು ಖಾಲಿ ಮೈದಾನದಲ್ಲಿ, ಡ್ರೈವಿಂಗ್ ಕಲಿಸುವವರಿಗೆ ದುಡ್ಡು ಕೊಟ್ಟು. ಆ ಖರ್ಚನ್ನೂ ಮೊದಲ ವರ್ಷದ ಬಜೆಟ್‌ನಲ್ಲಿ ಬರೆದುಕೊಳ್ಳಿ.