ವಿಂಡೋಸ್ ಹನ್ನೊಂದಕ್ಕೆ ಹೋಗುವುದೋ, ಹತ್ತರಲ್ಲೇ ಇರುವುದೋ: ನನ್ನ ಅನುಭವ

ಕನ್ನಡ ಪುಸ್ತಕಗಳ ಪುಟವಿನ್ಯಾಸ ನನ್ನ ಕಸುಬು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆ ಎಂಬ ಸೂಚನೆ ಪರದೆಯ ಮೇಲೆ ಬರತೊಡಗಿದಾಗ ಮೊದಲು ನೋಡಿದ್ದು ಕ್ಯಾಲೆಂಡರನ್ನು. ಅದರ ಮರುವಾರವೇ ದೀಪಾವಳಿ, ಹಿಂದೆಯೇ ರಾಜ್ಯೋತ್ಸವ. ವಿಶೇಷಾಂಕ, ಸ್ಮರಣ ಸಂಚಿಕೆ, ನವೆಂಬರಿನಲ್ಲಿ ಬಿಡುಗಡೆಯಾಗಬೇಕಾದ ಪುಸ್ತಕ ಎಲ್ಲವೂ ಒಟ್ಟಿಗೆ ಮೈಮೇಲೆ ಬರುವ ಕಾಲ. ಪುಸ್ತಕ ಅರ್ಧದಲ್ಲಿರುವಾಗ ಆಪರೇಟಿಂಗ್ ಸಿಸ್ಟಮ್ ಮುಟ್ಟುವುದಿಲ್ಲ ಎಂದು ಆಗಲೇ ತೀರ್ಮಾನಿಸಿದೆ.

ಹಾಗೆಂದು ಹಳೆಯದರಲ್ಲೇ ಸುಮ್ಮನೆ ಇದ್ದುಬಿಡಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಬೆಂಬಲ ಮುಗಿದ ಮೇಲೂ ಲ್ಯಾಪ್‌ಟಾಪ್ ಎಂದಿನಂತೆ ಓಡುತ್ತದೆ, ಆದರೆ ಸೆಕ್ಯುರಿಟಿ ಅಪ್‌ಡೇಟ್ ಬರುವುದು ನಿಲ್ಲುತ್ತದೆ. ನಾನು ದಿನವಿಡೀ ತೆರೆಯುವುದು ಬೇರೆಯವರ ವರ್ಡ್ ಫೈಲು, ಪ್ರೆಸ್ಸಿಗೂ ಮನೆಗೂ ಓಡಾಡುವ ಪೆನ್‌ಡ್ರೈವು, ವಾಟ್ಸ್‌ಆ್ಯಪ್‌ನಲ್ಲಿ ಬರುವ ಜಿಪ್ ಫೈಲು. ಇಂಥ ಕೆಲಸದ ಯಂತ್ರವನ್ನು ರಕ್ಷಣೆಯಿಲ್ಲದೆ ಇಂಟರ್‌ನೆಟ್ಟಿಗೆ ಬಿಡುವುದೆಂದರೆ ಲೇಖಕರ ಹಸ್ತಪ್ರತಿಗಳನ್ನೂ ಅಪಾಯಕ್ಕೆ ಒಡ್ಡಿದಂತೆ.

ನಡುದಾರಿಯೊಂದು ಇತ್ತು. 22ಎಚ್2 ಆವೃತ್ತಿಯ ವಿಂಡೋಸ್ 10 ಇರುವವರು ವಿಸ್ತರಿತ ಸೆಕ್ಯುರಿಟಿ ಅಪ್‌ಡೇಟ್ ಯೋಜನೆಗೆ ಸೇರಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಅಪ್‌ಡೇಟ್ ಬರುತ್ತದೆ. ಅದಕ್ಕೆ 30 ಡಾಲರ್ ಕೊಡಬಹುದು, ಇಲ್ಲವೇ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡೇ ಬೇಡ. ನಾನು ಎರಡನೆಯದನ್ನು ಆರಿಸಿಕೊಂಡೆ. ಸೀಸನ್ ಮುಗಿಯುವವರೆಗೆ ಉಸಿರಾಡಲು ಅಷ್ಟು ಸಾಕಾಗಿತ್ತು.

ಮನೆಯಲ್ಲಿ ಎರಡು ಲ್ಯಾಪ್‌ಟಾಪ್‌ಗಳಿವೆ, ಎರಡೂ 2018ರಲ್ಲಿ ಕೊಂಡವು. ನನ್ನದರಲ್ಲಿರುವುದು ಐ5-8250ಯು ಪ್ರೊಸೆಸರ್. ತಂಗಿಯ ಮಗಳು ಓದಿಗೆ ಬಳಸುವುದರಲ್ಲಿ ಐ3-7020ಯು. ವಿಂಡೋಸ್ 11 ಇಂಟೆಲ್ಲಿನ ಎಂಟನೆಯ ತಲೆಮಾರಿನಿಂದ ಈಚಿನ ಪ್ರೊಸೆಸರ್‌ಗಳನ್ನು ಒಪ್ಪುತ್ತದೆ, ಏಳನೆಯದರಲ್ಲಿ ಬೆರಳೆಣಿಕೆಯವನ್ನು ಮಾತ್ರ. ಹೀಗಾಗಿ ಕೊಂಡ ವರ್ಷ ಒಂದೇ ಆದರೂ ನನ್ನದು ಪಾಸು, ಅವಳದು ಫೇಲು. ಕೊಂಡ ವರ್ಷ ನೋಡಿ ನಿರ್ಧರಿಸಬೇಡಿ. ಐ3, ಐ5 ಆದಮೇಲೆ ಬರುವ ಅಂಕಿ ನೋಡಿ: 8250ರಲ್ಲಿ ಮೊದಲಿನ 8, 7020ರಲ್ಲಿ ಮೊದಲಿನ 7 ತಲೆಮಾರನ್ನು ಹೇಳುತ್ತದೆ.

ನನ್ನದು ಪಾಸಾದರೂ ವಿಂಡೋಸ್ 11 ಹೊಂದುತ್ತದೆಯೇ ಎಂದು ನೋಡುವ ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಮೊದಲು, ಅದಕ್ಕೆ ಬೇಕಾದ ಸುರಕ್ಷತಾ ಸೌಲಭ್ಯ ಟಿಪಿಎಂ 2.0 ಇಲ್ಲ ಎಂದಿತು. ಇರಲಿಲ್ಲವೆಂದಲ್ಲ, ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಯಂತ್ರದ ಸೆಟ್ಟಿಂಗ್‌ನಲ್ಲಿ, ಇಂಟೆಲ್ ಪಿಟಿಟಿ ಎಂಬ ಹೆಸರಿನಲ್ಲಿ ಆಫ್ ಆಗಿತ್ತು. ಆನ್ ಮಾಡಿದೆ, ಸರಿಹೋಯಿತು. ಬಯೋಸ್‌ಗೆ ಕೈಹಾಕುವ ಮೊದಲು ಡಿಸ್ಕ್ ವಿಂಡೋಸಿನದೇ ಬೀಗವಾದ ಬಿಟ್‌ಲಾಕರ್‌ನಲ್ಲಿ ಲಾಕ್ ಆಗಿದೆಯೇ ನೋಡಿ. ಆಗಿದ್ದರೆ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಡಿಸ್ಕ್ ತೆರೆಯದಿದ್ದರೆ ಯಾವ ರಿಪೇರಿ ಅಂಗಡಿಯವರೂ ಏನೂ ಮಾಡಲಾರರು.

ಯಂತ್ರ ಒಪ್ಪಿತು ಎಂದ ಮಾತ್ರಕ್ಕೆ ಕೆಲಸ ಒಪ್ಪಿತು ಎಂದಲ್ಲ. ನನ್ನ ಆತಂಕವೆಲ್ಲ ಇದ್ದದ್ದು ಫಾಂಟ್‌ಗಳ ಬಗ್ಗೆ. ವಿಂಡೋಸಿನ ಕನ್ನಡ ಫಾಂಟಾದ ತುಂಗಾವನ್ನೇ ತೆಗೆದುಕೊಳ್ಳಿ. ವಿಂಡೋಸ್ 10 ಬಂದಾಗಿನಿಂದ ಅದು ಎಲ್ಲರ ಯಂತ್ರದಲ್ಲೂ ತಾನಾಗಿ ಇರುವುದಿಲ್ಲ. ಕನ್ನಡವನ್ನು ಭಾಷೆಯಾಗಿ ಸೇರಿಸಿಕೊಂಡರೆ ಅಥವಾ ಐಚ್ಛಿಕ ಸೌಲಭ್ಯಗಳಲ್ಲಿ ಕನ್ನಡದ ಪೂರಕ ಫಾಂಟ್‌ಗಳನ್ನು ಹಾಕಿಕೊಂಡರೆ ಬರುತ್ತದೆ. ಅದಿಲ್ಲದ ಯಂತ್ರದಲ್ಲಿ ತುಂಗಾದಲ್ಲಿ ಮಾಡಿದ ಪುಸ್ತಕ ತೆರೆದರೆ ಬೇರೊಂದು ಫಾಂಟ್ ಆ ಜಾಗಕ್ಕೆ ಬಂದು ಕೂರುತ್ತದೆ. ಅಕ್ಷರಗಳೆಲ್ಲ ಸರಿಯಾಗಿಯೇ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಅಕ್ಷರದ ಅಗಲ ಬೇರೆ, ಒತ್ತಕ್ಷರ ಕೆಳಗಿಳಿಯುವ ಆಳ ಬೇರೆ. ಸಾಲು ಮುರಿಯುವ ಜಾಗ ಬದಲಾಗುತ್ತದೆ, ಪುಟ ಹಿಗ್ಗುತ್ತದೆ, ಪರಿವಿಡಿಯ ಪುಟಸಂಖ್ಯೆ ತಪ್ಪುತ್ತದೆ, ಪದಸೂಚಿ ಪೂರ್ತಿ ಕೆಡುತ್ತದೆ. ಅದಕ್ಕೇ ಮುಗಿದ ಪುಸ್ತಕಗಳಲ್ಲಿ ಕೆಲವನ್ನು ಆರಿಸಿ, ಅಚ್ಚಿಗೆ ಕಳಿಸಿದ್ದ ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಹೊಸದರಲ್ಲಿ ಮತ್ತೆ ತೆರೆದು ಪುಟಕ್ಕೆ ಪುಟ ಹೋಲಿಸುವುದೇ ಪರೀಕ್ಷೆ ಎಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡೆ.

ಇನ್ನೊಂದು ದೊಡ್ಡ ಗಂಟು ಹಳೆಯ ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರ್. 2001ರಲ್ಲಿ ಬಂದ ಏಳನೆಯ ಆವೃತ್ತಿಯೇ ಅದರ ಕೊನೆಯದು, ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ಆದರೂ ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ, ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಮಾಡಿದ ಎಷ್ಟೋ ಪುಸ್ತಕಗಳು ಅದರಲ್ಲೇ ಉಳಿದಿವೆ, ಮರುಮುದ್ರಣಕ್ಕೆ ಕೇಳಿಕೊಂಡು ಬರುವವರೂ ಇದ್ದಾರೆ. ಆ ಒಂದು ತಂತ್ರಾಂಶಕ್ಕಾಗಿ ಇಡೀ ಲ್ಯಾಪ್‌ಟಾಪನ್ನು ಹಿಂದೆ ಉಳಿಸುವುದು ನನಗೆ ಸರಿಕಾಣಲಿಲ್ಲ. ಯಂತ್ರದೊಳಗೇ ಇನ್ನೊಂದು ಯಂತ್ರ ನಡೆಸಲು ಬಿಡುವ ವರ್ಚುವಲ್‌ಬಾಕ್ಸ್‌ನೊಳಗೆ ಹಳೆಯ ವಿಂಡೋಸ್, ಪೇಜ್‌ಮೇಕರ್, ನುಡಿ ಮೂರನ್ನೂ ಹಾಕಿ, ಅದಕ್ಕೆ ನೆಟ್‌ವರ್ಕ್ ಸಂಪರ್ಕವನ್ನೇ ಕೊಡದೆ ಇಟ್ಟೆ. ಪಠ್ಯವನ್ನು ಅಲ್ಲಿಂದ ತೆಗೆದು ಯೂನಿಕೋಡ್‌ಗೆ ಪರಿವರ್ತಿಸಿ ಹೊಸದಾಗಿ ಪುಟ ಕಟ್ಟುತ್ತೇನೆ. ಪರಿವರ್ತನೆಯಲ್ಲಿ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ಓದಲೇಬೇಕು.

ಕೆಲಸದ ಒತ್ತಡ ಇಳಿದ ಮೇಲೆ ಅಪ್‌ಗ್ರೇಡ್‌ಗೆ ಕೂತೆ. ನೇರವಾಗಿ ಹಳೆಯ ಹಾರ್ಡ್‌ಡಿಸ್ಕಿನ ಮೇಲೆ ಮಾಡಲಿಲ್ಲ. ಅಷ್ಟೇ ಅಳತೆಯ ಎಸ್‌ಎಸ್‌ಡಿ ತಂದು, ಕ್ಲೋನ್‌ಜಿಲ್ಲಾ ತಂತ್ರಾಂಶದಿಂದ ಪೂರ್ತಿ ನಕಲು ಮಾಡಿ, ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಕೂರಿಸಿ, ಅದರಲ್ಲಿ ವಿಂಡೋಸ್ 11 ಹಾಕಿದೆ. ಹಳೆಯ ಡಿಸ್ಕು ಇದ್ದ ಹಾಗೇ ಬೀರುವಿನಲ್ಲಿದೆ. ಅಪ್‌ಗ್ರೇಡ್ ಆದಮೇಲೆ ಹಿಂದಿನ ಆವೃತ್ತಿಗೆ ಮರಳಲು ವಿಂಡೋಸ್ ಕೊಡುವ ಗಡುವು 10 ದಿನ. ಡಿಸ್ಮ್ ಎಂಬ ವಿಂಡೋಸ್ ಕಮಾಂಡಿನಿಂದ ಅದನ್ನು 60 ದಿನಕ್ಕೆ ಹಿಗ್ಗಿಸಬಹುದು. ಪುಸ್ತಕದ ಕೆಲಸ ಪ್ರೂಫಿನಿಂದ ಪ್ರೂಫಿಗೆ ತಿಂಗಳುಗಟ್ಟಲೆ ನಡೆಯುವುದರಿಂದ ನನಗೆ ಡಿಸ್ಕಿನ ಆಸರೆಯೇ ಹೆಚ್ಚು ನಂಬಿಕೆಯದು. ಎಸ್‌ಎಸ್‌ಡಿಗೆ ಖರ್ಚು ಮಾಡಿದ ಹಣ ವೇಗದಲ್ಲಿ ವಾಪಸು ಬಂತು ಎಂಬುದು ಬೇರೆ ಮಾತು.

ಫಾಂಟ್‌ಗಳು ಉಳಿದವು, ಹೋಲಿಸಿದ ಪುಟಗಳು ಕೂಡಿಬಂದವು. ಪ್ರಿಂಟರ್ ಕೂಡ ಅದನ್ನು ನಡೆಸುವ ವಿಂಡೋಸ್ 10ರ ಹಳೆಯ 64 ಬಿಟ್ ಡ್ರೈವರ್ ತಂತ್ರಾಂಶದಲ್ಲೇ ಓಡುತ್ತಿದೆ.

ಇನ್ನು ತಂಗಿಯ ಮಗಳ ಲ್ಯಾಪ್‌ಟಾಪು. ರೂಫಸ್‌ನಂಥ ತಂತ್ರಾಂಶದಿಂದ ಪ್ರೊಸೆಸರ್ ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕಿಕೊಡಲು ಹಲವರು ಸಲಹೆ ಕೊಟ್ಟರು. ಅಂಥ ಯಂತ್ರಗಳಿಗೆ ಮುಂದಿನ ಅಪ್‌ಡೇಟ್‌ಗಳ ಖಾತ್ರಿ ಇಲ್ಲ ಎಂದು ಮೈಕ್ರೋಸಾಫ್ಟೇ ಹೇಳುತ್ತದೆ. ಅಪ್‌ಡೇಟ್‌ಗಾಗಿಯೇ ಬದಲಾಯಿಸುತ್ತಿರುವಾಗ ಆ ದಾರಿಗೆ ಅರ್ಥವಿಲ್ಲ. ಏನೇನು ಬೇಕು ಎಂದು ಅವಳನ್ನೇ ಕೇಳಿದೆ. “ಮಾಮ, ಬ್ರೌಸರು, ಪಿಡಿಎಫು, ಕನ್ನಡ ಟೈಪಿಂಗು. ಇಷ್ಟಿದ್ರೆ ಸಾಕು” ಎಂದಳು. ವಿಂಡೋಸಿನ ಬದಲಿಗೆ ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ 22 ಅನ್ನು ಪೆನ್‌ಡ್ರೈವಿಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ ಕೊಟ್ಟೆ. ವೈಫೈ, ಧ್ವನಿ, ಕ್ಯಾಮೆರಾ, ಮುಚ್ಚಿ ತೆರೆದಾಗ ಎಚ್ಚರಗೊಳ್ಳುವುದು ಎಲ್ಲವನ್ನೂ ಅವಳೇ ನೋಡಿದಳು. ಲಿನಕ್ಸ್‌ನಲ್ಲಿ ಟೈಪಿಂಗ್ ಭಾಷೆ ಬದಲಿಸುವ ಐಬಸ್‌ನಲ್ಲಿ ಎಂ17ಎನ್ ಎಂಬ ಕೀಲಿಮಣೆಗಳ ಕಟ್ಟನ್ನು ಸೇರಿಸಿದರೆ ನುಡಿಯ ಕೆಜಿಪಿ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ವಿನ್ಯಾಸವೇ ಸಿಗುತ್ತದೆ, ಬೆರಳು ಹೊಸದಾಗಿ ಕಲಿಯಬೇಕಿಲ್ಲ. ಗುಬ್ಬಿ, ನವಿಲು ಫಾಂಟ್‌ಗಳೂ ಸಾಫ್ಟ್‌ವೇರ್ ಮ್ಯಾನೇಜರಿನಲ್ಲೇ ಇವೆ. ಆಮೇಲೆ ಡಿಸ್ಕಿಗೆ ಹಾಕಿದೆವು. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ವಿಂಡೋಸೇ ಬೇಕೆನ್ನುವ ಆನ್‌ಲೈನ್ ಪರೀಕ್ಷೆ ಇದ್ದ ದಿನ ಅವಳು ನನ್ನ ಲ್ಯಾಪ್‌ಟಾಪ್ ಒಯ್ಯುತ್ತಾಳೆ, ಅಂದು ನಾನು ಕಾಗದದ ಪ್ರೂಫ್ ನೋಡುತ್ತೇನೆ.