ತೂಕ ಇಳಿಸುವ ಮುನ್ನ ಮಾತ್ರೆಯ ಚೀಟಿ ತೆಗೆಯಿರಿ

ಮುಂಬೈ ಬಳಿಯ ಡೊಂಬಿವಲಿಯಿಂದ ಬೆಳಗಿನ ಲೋಕಲ್ ರೈಲು ಹಿಡಿದ ನಮ್ಮ ಕಡೆಯವರೊಬ್ಬರು ಠಾಣೆ ದಾಟುವುದರೊಳಗೆ ಬೆವರಿ, ಕೈಕಾಲು ನಡುಗಿ ಕುಸಿದರು. ಹಿಂದಿನ ವಾರವಷ್ಟೇ ಮೂರು ತಿಂಗಳ ತೂಕ ಇಳಿಕೆ ಯೋಜನೆಗೆ ಹಣ ಕಟ್ಟಿದ್ದರು. ರಾತ್ರಿ ಅನ್ನ ಬಿಟ್ಟರು, ಬೆಳಿಗ್ಗೆ ತಿಂಡಿಯನ್ನೂ ಬಿಟ್ಟರು. ಮಧುಮೇಹದ ಗ್ಲಿಮೆಪಿರೈಡ್ ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗಿದರು. ಆಹಾರತಜ್ಞೆಯಾಗಿ ಈ ತಪ್ಪನ್ನು ಎಷ್ಟೋ ಬಾರಿ ಕಂಡಿದ್ದೇನೆ. ಅದಕ್ಕಾಗಿಯೇ ತೂಕ ಇಳಿಸಲು ಹೊರಟ ಮಧುಮೇಹಿಗಳಿಗೆ ಮೊದಲ ಹೆಜ್ಜೆಯನ್ನು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಔಷಧ. ಊಟ ಕಡಿಮೆ ಮಾಡುವ ಮುನ್ನ ನೀವು ನುಂಗುವ ಎಲ್ಲ ಮಾತ್ರೆಗಳ ಚೀಟಿಯನ್ನು ವೈದ್ಯರ ಮುಂದಿಡಿ. ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಇದ್ದರೆ ಪ್ರಮಾಣ ತಗ್ಗಿಸಬೇಕಾಗಬಹುದು. ತಗ್ಗಿಸದಿದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಭಯ ಕಡಿಮೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆ ನುಂಗುವವರು ಅನ್ನ, ಚಪಾತಿಯನ್ನು ಪೂರ್ತಿ ಬಿಟ್ಟರೆ ಅಥವಾ ಉಪವಾಸ ಮಾಡಿದರೆ ರಕ್ತದಲ್ಲಿ ಕೀಟೋನ್ ಆಮ್ಲ ಏರಬಹುದು. ಆಗ ಮೀಟರ್‌ನಲ್ಲಿ ಸಕ್ಕರೆ ತೀರಾ ಹೆಚ್ಚಿರಬೇಕೆಂದೂ ಇಲ್ಲ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ತೂಕ ಇಳಿದಂತೆ ರಕ್ತದೊತ್ತಡವೂ ಇಳಿಯುವುದರಿಂದ ಅದರ ಮಾತ್ರೆಯನ್ನೂ ಮರುಪರಿಶೀಲಿಸಬೇಕು. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಕಣ್ಣಿನ ಪರದೆಯ ಪರೀಕ್ಷೆಯನ್ನು ಮೊದಲೇ ಮಾಡಿಸಿ. ಸಕ್ಕರೆ ದಿಢೀರನೆ ಇಳಿದಾಗ ಅಲ್ಲಿನ ಹಳೆಯ ತೊಂದರೆ ಉಲ್ಬಣಿಸುವುದುಂಟು. ಗರ್ಭಿಣಿಯರು, ಮೂತ್ರಪಿಂಡದ ಕಾಯಿಲೆಯವರು, ಟೈಪ್ 1 ಮಧುಮೇಹಿಗಳು ಇಂಥ ಯೋಜನೆಗೆ ತಾವಾಗಿ ಇಳಿಯಲೇಬಾರದು.

ಚೀಲದಲ್ಲಿ ಗ್ಲೂಕೋಸ್ ಪುಡಿ ಇರಲಿ. ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ 15 ಗ್ರಾಂ ಪುಡಿಯನ್ನು ನೀರಿಗೆ ಹಾಕಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ನಿಧಾನಿಸುತ್ತದೆ. ನಿಮ್ಮ ಮಾತ್ರೆಯಲ್ಲಿ ವೋಗ್ಲಿಬೋಸ್ (ಸಕ್ಕರೆ ಜೀರ್ಣವಾಗುವುದನ್ನು ನಿಧಾನಿಸುವ ಔಷಧ) ಸೇರಿದ್ದರೆ ಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು.

ಎರಡನೆಯದು ಗುರಿ. ದೇಹತೂಕದ ಶೇ 5ರಿಂದ 10 ಇಳಿದರೂ ಸಕ್ಕರೆಯಲ್ಲಿ ವ್ಯತ್ಯಾಸ ಕಾಣುತ್ತದೆ. ವಾರಕ್ಕೊಮ್ಮೆ, ಅದೇ ದಿನ, ಅದೇ ತಕ್ಕಡಿಯಲ್ಲಿ ತೂಗಿ.

ಮೂರನೆಯದು ತಟ್ಟೆ. ಅರ್ಧ ತಟ್ಟೆ ತರಕಾರಿ: ಬಸಳೆ, ತೊಂಡೆ, ಹೀರೆ, ಮಾಟುಂಗಾ ಮಾರುಕಟ್ಟೆಯಲ್ಲಿ ಸಿಗುವ ಯಾವ ಸೊಪ್ಪಾದರೂ ಸರಿ. ಕಾಲು ಭಾಗ ಮೀನು, ಮೊಟ್ಟೆ ಅಥವಾ ಮೊಳಕೆಕಾಳು. ಉಳಿದ ಕಾಲು ಭಾಗಕ್ಕೆ ಮಾತ್ರ ಅನ್ನ. ಕುಚ್ಚಲಕ್ಕಿ ಗಂಜಿ ಊರಿನದ್ದೆಂದು ಎರಡು ಬಟ್ಟಲು ಕುಡಿಯುವವರಿದ್ದಾರೆ. ಅದೂ ಅನ್ನವೇ, ಅಳತೆಯೊಳಗೇ ಇರಲಿ. ಉಪವಾಸದ ಸಾಬೂದಾನಾ ಖಿಚಡಿ ಬಹುಪಾಲು ಪಿಷ್ಟ, ಅದನ್ನು ಬಿಟ್ಟುಬಿಡಿ. ‘ಡಯಾಬಿಟಿಕ್’ ಎಂದು ಬರೆದ ಬಿಸ್ಕತ್ತಿಗೂ ನನ್ನ ಒಪ್ಪಿಗೆಯಿಲ್ಲ, ಅದರಲ್ಲೂ ಹಿಟ್ಟು ಮತ್ತು ಎಣ್ಣೆಯೇ ಇರುವುದು.

ಊಟದ ಬದಲಿಗೆ ಕುಡಿಯುವ ಪೌಡರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಇಂಥ ಆಹಾರವನ್ನೇ ಕೊಟ್ಟರು. 2017ರಲ್ಲಿ ಬಂದ ಫಲಿತಾಂಶದಂತೆ, ವರ್ಷದ ಕೊನೆಗೆ ಶೇ 46 ಮಂದಿಯ ಮಧುಮೇಹ ಔಷಧವಿಲ್ಲದೆ ಹತೋಟಿಗೆ ಬಂದಿತ್ತು. ಆದರೆ ಅವರು ಕಾಯಿಲೆ ಬಂದು ಆರು ವರ್ಷದೊಳಗಿನವರು, ಇನ್ಸುಲಿನ್ ತೆಗೆದುಕೊಳ್ಳದವರು. ಮಧುಮೇಹದ ಮಾತ್ರೆಗಳನ್ನು ಮೊದಲ ದಿನವೇ ನಿಗಾದಲ್ಲಿ ನಿಲ್ಲಿಸಲಾಗಿತ್ತು. ಕಟ್ಟಡದ ವಾಟ್ಸ್‌ಆಪ್ ಗುಂಪಿನಲ್ಲಿ ಡಬ್ಬ ಮಾರುವವರು ಈ ಮಾತನ್ನು ಹೇಳುವುದಿಲ್ಲ. ಅವರಿಂದ ಕೊಳ್ಳಬೇಡಿ.

ನಾಲ್ಕನೆಯದು ನಡಿಗೆ: ವಾರಕ್ಕೆ 150 ನಿಮಿಷ. ಮಳೆಗಾಲದಲ್ಲಿ ಮನೆಯ ಮೊಗಸಾಲೆಯಾದರೂ ಸಾಕು, ಬರಿಗಾಲಲ್ಲಿ ಮಾತ್ರ ನಡೆಯಬೇಡಿ.

ಕೊನೆಯದು ಉಳಿಸಿಕೊಳ್ಳುವುದು. ಮೂರು ತಿಂಗಳಿಗೆ ಮುಗಿಯುವ ಯೋಜನೆಗೆ ಹಣ ಕಟ್ಟಬೇಡಿ. ಆಮೇಲಿನ ಒಂದು ವರ್ಷವಾದರೂ ತಿಂಗಳಿಗೊಮ್ಮೆ ಭೇಟಿಯಿದೆಯೇ ಎಂದು ಮೊದಲೇ ಕೇಳಿ. ಇಳಿದ ತೂಕದಲ್ಲಿ ಎರಡು ಕಿಲೋ ಮರಳಿ ಬಂದರೆ ಅದೇ ವಾರ ಫೋನ್ ಮಾಡಿ. ಮಾತ್ರೆಗಳೆಲ್ಲ ನಿಂತರೂ ವರ್ಷಕ್ಕೊಮ್ಮೆಯಾದರೂ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ), ಕಣ್ಣು, ಪಾದ, ಮೂತ್ರಪಿಂಡದ ಪರೀಕ್ಷೆ ಮಾಡಿಸುತ್ತಿರಿ.